ಗೆಳೆಯನಿಗೊಂದು ಪತ್ರ: ಪೆಟ್ಟಿಗೆಯಲ್ಲಿ ಬಂದ ಕಾರು ರಸ್ತೆಗಿಳಿಯಿತು

ಕೊವೆಂಟ್ರಿ,
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ನಾನು ಜೋಡಿಸುತ್ತಿದ್ದ ಕಾರು ಮುಗಿಯಿತು. ಶುಕ್ರವಾರದ ಅಂಚೆಯಲ್ಲಿ ನೋಂದಣಿ ಪತ್ರ ಬಂತು, ನಿನ್ನೆ ಬೆಳಿಗ್ಗೆ ನಂಬರ್ ಪ್ಲೇಟುಗಳನ್ನು ಮಾಡಿಸಿ ತಂದು ಹಾಕಿದೆ, ಮಧ್ಯಾಹ್ನ ಮಳೆ ನಿಂತ ಮೇಲೆ ಹದಿನೆಂಟು ಮೈಲಿ ಓಡಿಸಿಕೊಂಡು ಬಂದೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಳೆದ ಹದಿನಾಲ್ಕು ತಿಂಗಳಲ್ಲಿ ಒಂದು ವಾರವೂ ತಪ್ಪದೆ ‘ಎಲ್ಲಿಗೆ ಬಂತು?’ ಎಂದು ವಿಚಾರಿಸಿದವನು ನೀನೊಬ್ಬನೇ. ಹಾಗಾಗಿ ಕೊನೆಯ ಹಂತದ ಕೆಲಸವನ್ನು ನಿನಗೆ ವಿವರವಾಗಿಯೇ ಬರೆಯಬೇಕೆನಿಸಿತು. ನಮ್ಮ ಕಾಲೇಜಿನ ಉಳಿದ ಗೆಳೆಯರೂ ಓದಲೆಂದು ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿರುವುದರಿಂದ, ನಿನಗೆ ಗೊತ್ತಿರುವ ಕೆಲವು ಸಂಗತಿಗಳು ಮತ್ತೆ ಬಂದರೆ ಬೇಸರಿಸಬೇಡ.

ಇದು ಕ್ಯಾಟರ್‌ಹ್ಯಾಮ್ ಸೆವೆನ್. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ‘ಸೆವೆನ್’ ಕಾರಿನ ನೇರ ವಂಶದ್ದು. ಆಗ ಬ್ರಿಟನ್ನಿನಲ್ಲಿ ಸಿದ್ಧ ಕಾರಿನ ಮೇಲೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಬೀಳುತ್ತಿರಲಿಲ್ಲ. ಮನೆಯಲ್ಲಿ ಕಾರು ಜೋಡಿಸುವ ಅಭ್ಯಾಸ ಇಲ್ಲಿ ಬೇರೂರಲು ಇದೊಂದು ದೊಡ್ಡ ಕಾರಣ. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂದಾಗ ಆ ಉಳಿತಾಯವೂ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಲೋಟಸ್‌ನಿಂದ ಕ್ಯಾಟರ್‌ಹ್ಯಾಮ್ ಕಂಪನಿಯ ಕೈಗೆ ಬಂತು. ಈಗ ಯಾರೂ ತೆರಿಗೆ ಉಳಿಸಲು ಜೋಡಿಸುವುದಿಲ್ಲ, ಜೋಡಿಸಬೇಕೆಂಬ ಆಸೆಯಿಂದಲೇ ಜೋಡಿಸುತ್ತಾರೆ. ಉಕ್ಕಿನ ಕೊಳವೆಗಳ ಚಾಸಿ, ಅದರ ಮೇಲೆ ಅಲ್ಯೂಮಿನಿಯಂ ತಗಡಿನ ಬಾಡಿ, ಎರಡೇ ಸೀಟು. ತೂಕದಲ್ಲಿ ನಮ್ಮ ಹಳೆಯ ಮಾರುತಿ 800ಕ್ಕಿಂತಲೂ ಹಗುರ.

ಸಸ್ಪೆನ್ಷನ್, ಸ್ಟಿಯರಿಂಗ್, ವೈರಿಂಗ್ ಇವುಗಳ ಬಗ್ಗೆ ಆಗಾಗ ಬರೆದಿದ್ದೇನೆ. ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೆಲದ ಮೇಲೆಯೇ ಒಂದಕ್ಕೊಂದು ಜೋಡಿಸಿ, ಬಾಡಿಯ ಅಂಚುಗಳಿಗೆಲ್ಲ ರಟ್ಟು ಕಟ್ಟಿ, ಗೇರ್‌ಬಾಕ್ಸಿನ ಬಾಲವನ್ನು ಕೆಳಕ್ಕೆ ಬಾಗಿಸಿ ಮುಂದಿನಿಂದ ಒಳಗೆ ಇಳಿಸಿದ ಚಿತ್ರಗಳನ್ನೂ ನೀನು ನೋಡಿದ್ದೀಯೆ. ಅಂದು ಕೆಲಸ ಮುಗಿದಂತೆಯೇ ಎಂದು ನಾನು ತಿಳಿದಿದ್ದೆ. ಅಲ್ಲಿಂದ ಮುಂದೆ ಮತ್ತೆ ಐದು ತಿಂಗಳು ಹಿಡಿಯಿತು.

ಅದರಲ್ಲಿ ಬಹುಭಾಗ ಬ್ರೇಕಿಗೆ ಹೋಯಿತು. ನಾಲ್ಕೂ ಚಕ್ರಗಳಿಗೆ ಪೈಪು ಎಳೆದು, ಆಯಿಲ್ ತುಂಬಿಸಿ, ಪತ್ನಿಯನ್ನು ಪೆಡಲ್ ಒತ್ತಲು ಕೂರಿಸಿಕೊಂಡು ಪೈಪಿನೊಳಗೆ ಸಿಕ್ಕಿಕೊಂಡ ಏರ್ ತೆಗೆದೆ. ಪೆಡಲ್ ಮೆತ್ತಗೇ ಇತ್ತು, ಅಂದರೆ ಒಳಗೆ ಇನ್ನೂ ಏರ್ ಇತ್ತು. ಮರುದಿನ ಮತ್ತೆ ತೆಗೆದೆ, ಮುಂದಿನ ವಾರ ಮೂರನೆಯ ಸಲ ತೆಗೆದೆ. ಏರ್ ತೆಗೆದ ಕೂಡಲೇ ಗಟ್ಟಿಯಾಗಿರುವ ಪೆಡಲ್ ಬೆಳಗಾಗುವಷ್ಟರಲ್ಲಿ ಮತ್ತೆ ಅರ್ಧ ಇಂಚು ಕೆಳಗೆ ಹೋಗುತ್ತಿತ್ತು. ಎಲ್ಲ ಸಂದುಗಳನ್ನೂ ಕೈಯಿಂದ ಮುಟ್ಟಿ ನೋಡಿದರೂ ಎಲ್ಲಿಯೂ ತೇವ ಸಿಗಲಿಲ್ಲ.

ಆಗ ನೆನಪಾದವರು ನಿಮ್ಮ ತಂದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದ ಅವರು, 1996ರಲ್ಲಿ ಅದು ಮುಚ್ಚಿದ ಮೇಲೆ ನಿಮ್ಮ ಹಿತ್ತಲಿನಲ್ಲಿ ಯೆಜ್ಡಿ ಬೈಕ್ ಬಿಚ್ಚುವುದನ್ನು ನಮಗಿಬ್ಬರಿಗೂ ಕಲಿಸಿದರಲ್ಲ, ಆಗ ಮೊದಲು ಮಾಡಿಸುತ್ತಿದ್ದ ಕೆಲಸ ಹಳೆಯ ದಿನಪತ್ರಿಕೆ ಹಾಸುವುದು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಅದರ ಮೇಲೆ ಇಡಬೇಕು; ರಾತ್ರಿ ಗಾಡಿಯ ಕೆಳಗೂ ಒಂದು ಹಾಳೆ ಇರಬೇಕು, ಆಯಿಲ್ ಎಲ್ಲಿ ಸೋರುತ್ತದೆಂದು ಅದೇ ಹೇಳುತ್ತದೆ ಎನ್ನುತ್ತಿದ್ದರು. ಬ್ರೇಕ್ ಪೆಡಲನ್ನು ಒಂದು ಮರದ ತುಂಡಿನಿಂದ ಒತ್ತಿ ನಿಲ್ಲಿಸಿ, ಪ್ರತಿ ಸಂದಿನ ಕೆಳಗೂ ಪತ್ರಿಕೆಯ ತುಂಡು ಹಾಸಿ, ಗ್ಯಾರೇಜಿನ ಬಾಗಿಲು ಹಾಕಿ ಮಲಗಿದೆ. ಬೆಳಿಗ್ಗೆ, ಹಿಂದಿನ ಎರಡು ಚಕ್ರಗಳಿಗೆ ಪೈಪು ಕವಲೊಡೆಯುವ ಜಾಗದ ಕೆಳಗೆ, ರೂಪಾಯಿ ನಾಣ್ಯದಷ್ಟು ಅಗಲದ ಒಂದು ಕಲೆ ಇತ್ತು. ಒತ್ತಡ ಇದ್ದಾಗ ಮಾತ್ರ, ಅದೂ ಗಂಟೆಗೊಂದು ತೊಟ್ಟಿನಂತೆ ಅಲ್ಲಿ ಸೋರುತ್ತಿತ್ತು. ಆ ನಟ್ಟನ್ನು ಕೈಬಿಗಿ ಮಾಡಿದವನು ನಾನೇ, ಸ್ಪ್ಯಾನರ್ ಹಾಕುವುದನ್ನು ಮರೆತವನೂ ನಾನೇ. ಆ ಕಲೆಯನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದೆ. ನಿಮ್ಮ ತಂದೆ ಇದ್ದಿದ್ದರೆ ಅಂದೇ ಅವರಿಗೆ ಫೋನ್ ಮಾಡುತ್ತಿದ್ದೆ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿಯಾಯಿತೆಂದು ತೋರಿಸುವ ಸ್ಪ್ಯಾನರ್) ಬಿಗಿ ಮಾಡಿದ ಪ್ರತಿ ನಟ್ಟಿನಿಂದ ಬೋಲ್ಟಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯುವುದು, ಗೆರೆಯಿಲ್ಲದ ನಟ್ಟು ಬಿಗಿಯಾಗಿಲ್ಲವೆಂದೇ ಭಾವಿಸುವುದು. ಮೊದಲಿನಿಂದ ಕೊನೆಯವರೆಗೆ ಕಾರನ್ನೆಲ್ಲ ಹೀಗೆ ಮತ್ತೊಮ್ಮೆ ಪರಿಶೀಲಿಸಲು ನಾಲ್ಕು ವಾರಾಂತ್ಯಗಳು ಬೇಕಾದವು.

ಇಂಜಿನ್ ಶುರುವಾದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ವಿಡಿಯೊ ನಿನ್ನ ಬಳಿ ಇದೆ. ಅದರಲ್ಲಿ ಕಾಣದ್ದು ಅದಕ್ಕೂ ಮುಂಚಿನ ಅರ್ಧ ಗಂಟೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಸ್ವಲ್ಪ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯುತ್ತಾ, ಆಯಿಲ್ ಒತ್ತಡದ ಮುಳ್ಳು ಮೇಲೇಳುವುದನ್ನೇ ಕಾದೆ. ಬೇರಿಂಗುಗಳಿಗೆ ಆಯಿಲ್ ತಲುಪುವ ಮೊದಲೇ ಹೊಸ ಇಂಜಿನ್ ಜೋರಾಗಿ ತಿರುಗಿದರೆ ಅಲ್ಲಿಯೇ ಸವೆತ ಶುರುವಾಗುತ್ತದೆ. ಮುಳ್ಳು ಅಲುಗಿದ ಕ್ಷಣವೇ ನನಗೆ ಆ ದಿನದ ದೊಡ್ಡ ಕ್ಷಣ, ಆಮೇಲಿನ ಸದ್ದಲ್ಲ.

ಇನ್ನು ಪರೀಕ್ಷೆಯ ವಿಷಯ. ಇಲ್ಲಿ ಮನೆಯಲ್ಲಿ ಜೋಡಿಸಿದ ಕಾರು ರಸ್ತೆಗಿಳಿಯಬೇಕಾದರೆ ‘ಐವಿಎ’ ಎಂಬ ಸರ್ಕಾರಿ ತಪಾಸಣೆಯಲ್ಲಿ ಅದೊಂದೇ ಕಾರು ಪಾಸಾದರೆ ಸಾಕು. 100 ಮಿಲಿಮೀಟರ್ ವ್ಯಾಸದ ಗೋಳವೊಂದು ಹೊರಮೈಯಲ್ಲಿ ಎಲ್ಲೆಲ್ಲಿ ತಾಗಬಲ್ಲದೋ ಅಲ್ಲೆಲ್ಲ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ಗುಂಡಗಿರಬೇಕು. ದಾರಿಹೋಕರಿಗೆ ಕಾರು ತಾಗಿದರೂ ಗಾಯ ಆಳವಾಗಬಾರದು ಎಂಬುದು ಇದರ ಉದ್ದೇಶ. ಸೈಲೆನ್ಸರಿನ ಸದ್ದು 99 ಡೆಸಿಬಲ್ ದಾಟಬಾರದು. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ತಿರುವಿನಿಂದ ಹೊರಬರುವಾಗ ಸ್ಟಿಯರಿಂಗ್ ಬಿಟ್ಟರೆ ಚಕ್ರಗಳು ತಾವಾಗಿಯೇ ನೇರವಾಗುವತ್ತ ತಿರುಗಬೇಕು.

ಮೊದಲ ಸಲ ಈ ಕೊನೆಯದರಲ್ಲಿ ಪಾಸಾಗಲಿಲ್ಲ. ಮುಂಭಾಗ ಹಗುರವಾಗಿರುವ ಕಾರುಗಳಲ್ಲಿ ಇದು ಕಷ್ಟವೇ. ಪರೀಕ್ಷಕರು ಬಹಳ ತಾಳ್ಮೆಯಿಂದ ಕಾರಣ ವಿವರಿಸಿದರು, ಅವರ ಬಗ್ಗೆ ನನಗೆ ಗೌರವವೇ ಇದೆ. ನಾವು ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಸೈಕಲ್ಲಿನಲ್ಲಿ ಇಳಿಯಲು ಸಾಧ್ಯವಾಗುತ್ತಿದ್ದುದಕ್ಕೆ ಅದರ ಮುಂದಿನ ಫೋರ್ಕು ಓರೆಯಾಗಿರುವುದೂ ಒಂದು ಕಾರಣವಲ್ಲವೇ? ಕಾರಿನಲ್ಲಿಯೂ ಅದೇ ತತ್ವ, ಆ ಓರೆಯನ್ನು ಕ್ಯಾಸ್ಟರ್ ಎನ್ನುತ್ತಾರೆ. ಕೆಳಗಿನ ವಿಶ್‌ಬೋನಿನ (ಮುಂದಿನ ಚಕ್ರವನ್ನು ಚಾಸಿಗೆ ಸೇರಿಸುವ ಕವಲು ತೋಳು) ವಾಷರುಗಳನ್ನೆಲ್ಲ ಅದರ ಹಿಂಬದಿಗೆ ಹಾಕಿ, ಅದನ್ನು ಕೆಲವೇ ಮಿಲಿಮೀಟರ್ ಮುಂದಕ್ಕೆ ತಂದಾಗ ಕ್ಯಾಸ್ಟರ್ ಹೆಚ್ಚಿತು, ಸ್ಟಿಯರಿಂಗ್ ತಾನಾಗಿ ಮರಳತೊಡಗಿತು. ಎರಡನೆಯ ಸಲ ಪ್ರಮಾಣಪತ್ರ ಸಿಕ್ಕಿತು. ಅದನ್ನೂ, ಬಿಡಿಭಾಗಗಳ ರಸೀದಿಗಳನ್ನೂ ಸ್ವಾನ್ಸಿಯ ನೋಂದಣಿ ಕಚೇರಿಗೆ ಕಳುಹಿಸಿದೆ. ಎಲ್ಲ ಭಾಗಗಳೂ ಹೊಸವಾಗಿದ್ದುದರಿಂದ ಹೊಸ ಕಾರಿನ ನಂಬರೇ ಬಂತು. ಭಾಗಗಳ ವಯಸ್ಸು ತಿಳಿಯದಿದ್ದರೆ ‘ಕ್ಯೂ’ ಅಕ್ಷರದಿಂದ ಶುರುವಾಗುವ ನಂಬರ್ ಕೊಡುತ್ತಾರೆ.

ಮೈಸೂರಿನಲ್ಲಿ ನಾವಿಬ್ಬರೂ ಸೇರಿ ಇಂಥದೊಂದು ಮಾಡಬಹುದೇ ಎಂದು ನೀನು ಕೇಳಿದ್ದೆ. ರಸ್ತೆಗಿಳಿಸುವುದು ಬಹಳ ಕಷ್ಟ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ತಯಾರಕರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮಾದರಿ ವಾಹನವನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷಿಸಿ ಒಪ್ಪಿಗೆ ಪಡೆಯಬೇಕು, ಆ ಖರ್ಚು ಒಂದೇ ಕಾರು ಮಾಡುವವನ ಕೈಗೆಟುಕುವಂಥದ್ದಲ್ಲ. ಅಷ್ಟು ಕೈಚಳಕವಿರುವ ನಮ್ಮೂರಿನ ಮೆಕ್ಯಾನಿಕ್ಕುಗಳಿಗೆ ಈ ದಾರಿ ಇಲ್ಲದಿರುವುದು ನನಗೆ ನಿಜವಾಗಿ ನೋವಿನ ವಿಷಯ.

ನಿನ್ನೆ ಕೆನಿಲ್‌ವರ್ತ್ ದಾಟಿ ಹೊಲಗಳ ನಡುವಿನ ರಸ್ತೆಯಲ್ಲಿ ನಿಧಾನವಾಗಿಯೇ ಹೋದೆ. ಬಾಗಿಲಿಲ್ಲ, ಮೇಲೆ ಚಾವಣಿಯಿಲ್ಲ, ಕೈ ಚಾಚಿದರೆ ರಸ್ತೆ ಸಿಗುವಷ್ಟು ತಗ್ಗಿನ ಸೀಟು. ಮನೆಗೆ ಬಂದು, ಇಂಜಿನ್ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಕೆಳಗೆ ಮಲಗಿ ಹಳದಿ ಗೆರೆಗಳನ್ನೆಲ್ಲ ನೋಡಿದೆ. ಹಿಂದಿನ ಬಲಗಡೆಯ ಶಾಕ್ ಅಬ್ಸಾರ್ಬರಿನ ನಟ್ಟಿನ ಮೇಲೆ ಮಾತ್ರ ಗೆರೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಅದನ್ನು ಬಿಗಿ ಮಾಡಿ ಹೊಸ ಗೆರೆ ಎಳೆದು, ಕೆಳಗೆ ಹೊಸ ಪತ್ರಿಕೆ ಹಾಸಿದ್ದೇನೆ. ಈಗಷ್ಟೇ ನೋಡಿ ಬಂದೆ, ಒಣಗಿಯೇ ಇದೆ.

ನಿಮ್ಮ ತಂದೆಯ ಯೆಜ್ಡಿ ಎಲ್ಲಿಗೆ ಬಂತು? ಕಾರ್ಬ್ಯುರೇಟರ್ ಸರಿಹೋಯಿತೇ? ಅತ್ತಿಗೆಗೆ ನಮಸ್ಕಾರ ತಿಳಿಸು, ಬೇಗ ಬರೆ.

ನಿನ್ನ ಗೆಳೆಯ