ರೈತರ ಕೈಗೂ ಮೈಕ್ ಕೊಡಿ: ತೋಟಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರಿಗೆ ನಮಸ್ಕಾರ.

ನಾನು ಮಲೆನಾಡಿನ ಅಡಿಕೆ ಬೆಳೆಗಾರ. ಸಬ್ಸಿಡಿ, ಸಾಲಮನ್ನಾ ಕೇಳಲು ಬರೆಯುತ್ತಿಲ್ಲ. ಕೃಷಿಯ ಸುದ್ದಿ ನಮಗೆ ತಲುಪುವ ರೀತಿಯ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕಿದೆ.

2022ರಲ್ಲಿ ಅಡಿಕೆಗೆ ಬರುವ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬಿದಾಗ ನಮ್ಮ ಮೊಬೈಲಿಗೆ ಬಂದ ಸಲಹೆಗಳಿಗೆ ಲೆಕ್ಕವಿಲ್ಲ. ಒಬ್ಬರು ಒಂದು ಔಷಧಿ ಹೊಡೆಯಿರಿ ಎಂದರು, ಇನ್ನೊಬ್ಬರು ಅದೇ ಬೇಡ ಎಂದರು. ಹೇಳಿದವರು ಯಾರು, ಅವರ ತೋಟ ಎಲ್ಲಿದೆ, ಹೊಡೆದ ಮೇಲೆ ಏನಾಯಿತು, ಒಂದೂ ಗೊತ್ತಾಗಲಿಲ್ಲ. ಔಷಧಿ ಮಾರುವವರೇ ತಜ್ಞರಾದರು. ವಿಜ್ಞಾನಿಗಳ ಮಾತು ನಮ್ಮ ಊರಿಗೆ ಬಂದದ್ದು ತಡವಾಗಿ, ಅದೂ ಪಿಡಿಎಫ್ ಆಗಿ. ಎಪ್ಪತ್ತು ದಾಟಿದ ಬೆಳೆಗಾರರು ಅದನ್ನು ಫೋನಿನಲ್ಲಿ ಹೇಗೆ ಓದಬೇಕು ಹೇಳಿ?

ಇದಕ್ಕೆ ದಾರಿ ಹುಡುಕಲು ದೂರ ಹೋಗಬೇಕಿಲ್ಲ. ಪುತ್ತೂರಿನ ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ ಶುರುವಾದದ್ದು 1988ರಲ್ಲಿ. ಕೃಷಿ ಪತ್ರಕರ್ತ ಶ್ರೀಪಡ್ರೆ ಮತ್ತು ಅವರ ಜೊತೆಗಾರರು ಬೆಳೆಗಾರರ ಕೈಯಲ್ಲೇ ಬರೆಸಿದರು. ಮಾಡಿ ನೋಡಿದವರೇ ಬರೆದ ಮಾತಿಗೆ ಬೇರೆಯೇ ತೂಕ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಇಷ್ಟು ಎಲ್ಲಾ ಕರಪತ್ರದಲ್ಲೂ ಇರುತ್ತದೆ. ಆದರೆ ಸುಣ್ಣ ಹಳತಾಗಿದ್ದರೆ ದ್ರಾವಣ ಹುಳಿಯಾಗಿಯೇ ಉಳಿಯುತ್ತದೆ. ಕತ್ತಿ ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹತ್ತಿದ್ದರೆ ಇನ್ನಷ್ಟು ಸುಣ್ಣದ ನೀರು ಬೆರೆಸಬೇಕು. ಇದನ್ನು ನಾನು ಕಲಿತದ್ದು ಪಕ್ಕದ ತೋಟದವರಿಂದ.

ವಾಟ್ಸಾಪ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 2021ರಲ್ಲಿ ಬಾಳೆಕಾಯಿಗೆ ಬೆಲೆ ಬಿದ್ದಾಗ ‘ಬಾಕಾಹು’, ಅಂದರೆ ಬಾಳೆಕಾಯಿ ಹುಡಿ, ಮನೆಮನೆಗೆ ಹಬ್ಬಿದ್ದು ವಾಟ್ಸಾಪ್ ಗುಂಪಿನಿಂದಲೇ. ಹೆಣ್ಣುಮಕ್ಕಳು ಒಣಗಿಸಿದ್ದನ್ನು, ಪುಡಿ ಮಾಡಿದ್ದನ್ನು, ಅದರಿಂದ ಮಾಡಿದ ತಿಂಡಿಯನ್ನು ತಾವೇ ಹಂಚಿಕೊಂಡರು. ಆ ವರ್ಷ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಅದರ ಮಾತು ಬಂತು. ಆ ಗುಂಪಿನಲ್ಲಿ ಮಾಡಿದವರ ಹೆಸರಿತ್ತು, ಅನುಭವವಿತ್ತು. ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತಿತ್ತು.

ಇಲಾಖೆ ಇದನ್ನೇ ಮಾಡಲಿ. ರೋಗದ ಕಾಲದಲ್ಲಿ ಪ್ರತಿ ತಾಲ್ಲೂಕಿಗೆ ವಾರಕ್ಕೊಂದು ಧ್ವನಿ ಸಂದೇಶ ಬರಲಿ. ಮಾತಾಡಿದ ಅಧಿಕಾರಿಯ ಹೆಸರು ಅದರಲ್ಲಿರಲಿ. ಅದರ ಜೊತೆ ಔಷಧಿ ಹೊಡೆದು ಫಲ ಕಂಡ ಒಬ್ಬ ಬೆಳೆಗಾರ, ಫಲ ಕಾಣದ ಒಬ್ಬ ಬೆಳೆಗಾರ, ಇಬ್ಬರೂ ಮಾತಾಡಲಿ. ಫಲ ಕಾಣದವರ ಮಾತು ನಮಗೆ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಅದನ್ನು ಯಾರೂ ಪ್ರಕಟಿಸುವುದಿಲ್ಲ. ಈ ಮಾತುಗಳು ರೇಡಿಯೋದಲ್ಲೂ ಬರಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಿಂದ ಸಮುದಾಯ ಬಾನುಲಿ, ಅಂದರೆ ಸುತ್ತಲಿನ ಊರುಗಳಿಗಷ್ಟೇ ಕೇಳುವ ಸಣ್ಣ ರೇಡಿಯೋ ಕೇಂದ್ರ, ನಡೆಸುತ್ತಿದೆ. ಮಲೆನಾಡಿನ ಗುಡ್ಡಗಳ ನಡುವೆ ಅಂಥ ಸಣ್ಣ ಕೇಂದ್ರದ ಅಲೆ ಬಹಳ ದೂರ ಹೋಗದು, ನಿಜ. ಅದಕ್ಕೇ ಒಂದೆರಡು ಸಾಲದು, ಹಲವು ಬೇಕು. ಪ್ರಚಾರಕ್ಕೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಫೋಟೋ ಜಾಹೀರಾತಿನಿಂದ ತೆಗೆದು ಇದಕ್ಕೆ ಕೊಡಿ.

ಮುಂಗಾರು ಹತ್ತಿರ ಬಂದರೆ ಬೋರ್ಡೋ ಸಿಂಪಡಣೆ ಶುರುವಾಗುತ್ತದೆ. ಅದಕ್ಕೆ ಮೊದಲೇ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಶುರು ಮಾಡಿ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಯಾವುದಾದರೂ ಸರಿ. ಮಾತಾಡಲು ಬೆಳೆಗಾರರನ್ನು ಒಟ್ಟು ಮಾಡುವ ಕೆಲಸ ನಮಗಿರಲಿ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ