ಕಾಫಿ ಪುಡಿಯಲ್ಲಿ ಚಿಕೋರಿ ಎಷ್ಟೆಂದು ಬರೆಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಆರು ಎಕರೆ ತೋಟ ಇಟ್ಟುಕೊಂಡಿರುವ ಕಾಫಿ ಬೆಳೆಗಾರ. ಕಾಫಿ ಬೆಳೆಯುವವನು ಕಾಫಿ ಮಂಡಳಿಗೋ ಕೇಂದ್ರದ ವಾಣಿಜ್ಯ ಸಚಿವರಿಗೋ ಬರೆಯುವುದು ಬಿಟ್ಟು ಆರೋಗ್ಯ ಸಚಿವರಿಗೇಕೆ ಬರೆಯುತ್ತಿದ್ದಾನೆ ಎಂದು ತಮಗೆ ಅನ್ನಿಸಬಹುದು. ಬೆಲೆ, ರಫ್ತು, ಕಾಂಡಕೊರಕ ಹುಳುವಿನ ವಿಷಯವಾಗಿದ್ದರೆ ಅವರಿಗೇ ಬರೆಯುತ್ತಿದ್ದೆ. ಆದರೆ ಬೀಜ ಹುರಿದು ಪುಡಿಯಾದ ಗಳಿಗೆಯಿಂದ ಕಾಫಿ ಆಹಾರ ಪದಾರ್ಥವಾಗುತ್ತದೆ, ಅಲ್ಲಿಂದ ಮುಂದೆ ಅದರ ಮೇಲೆ ಕಣ್ಣಿಡಬೇಕಾದ ಆಹಾರ ಸುರಕ್ಷತಾ ಅಧಿಕಾರಿಗಳು ತಮ್ಮ ಇಲಾಖೆಯವರು. ನನ್ನ ದೂರು ಆ ಪುಡಿಯದ್ದು: ಅದಕ್ಕೆ ಬೆರೆಸುವ ಚಿಕೋರಿ ಎಂಬ ಹುರಿದ ಬೇರಿನ ಪುಡಿ ಎಷ್ಟೆಂದು ಕೊಳ್ಳುವವನಿಗೆ ತಿಳಿಯುವುದಿಲ್ಲ.

ಈಚೆಗೆ ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋದಾಗ ಊರಿನಿಂದ ಪುಡಿ ಒಯ್ಯುವುದನ್ನು ಮರೆತಿದ್ದೆ. ತೋಟದವರು ಅಂಗಡಿಯಲ್ಲಿ ಕಾಫಿ ಪುಡಿ ಕೊಳ್ಳುವುದೆಂದರೆ ನಮ್ಮ ಕಡೆ ನಗೆಪಾಟಲಿನ ಸಂಗತಿ; ಆದರೂ ಬೆಳಿಗ್ಗೆ ಎದ್ದು ಬಡಾವಣೆಯ ಒಂದು ಅಂಗಡಿಗೆ ಹೋಗಿ, ‘ಎಂಬತ್ತು ಇಪ್ಪತ್ತು’, ಅಂದರೆ ನೂರರಲ್ಲಿ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ, ಎಂದು ಕೇಳಿ, ಅರ್ಧ ಕಿಲೋ ಕಟ್ಟಿಸಿಕೊಂಡು ಬಂದೆ. ಕಂದು ಕಾಗದದ ಆ ಪೊಟ್ಟಣದ ಮೇಲೆ ಅಂಗಡಿಯ ಹೆಸರು, ಫೋನ್ ನಂಬರು, ದೇವರ ಚಿತ್ರ ಇದ್ದವು. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದು ಇರಲಿಲ್ಲ, ಬಿಲ್ಲಿನಲ್ಲೂ ಇರಲಿಲ್ಲ. ಡಿಕಾಕ್ಷನ್ ಫಿಲ್ಟರಿನಿಂದ ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು, ಇಳಿದದ್ದು ಬೆಲ್ಲದ ಪಾಕದ ಹಾಗೆ ಕಪ್ಪಗೆ ಮಂದವಾಗಿತ್ತು. ಮಗಳು ‘ಎಷ್ಟು ಸ್ಟ್ರಾಂಗ್ ಆಗಿದೆ ನೋಡಿ ಅಪ್ಪಾ’ ಎಂದಳು. ನಾನು ಒಂದು ಗಾಜಿನ ಲೋಟದ ತುಂಬ ತಣ್ಣೀರು ಹಿಡಿದು, ಆ ಪುಡಿಯನ್ನು ಒಂದು ಚಮಚ ಮೇಲೆ ಉದುರಿಸಿದೆ. ಕಾಫಿಯ ಪುಡಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಅದು ಸ್ವಲ್ಪ ಹೊತ್ತು ತೇಲುತ್ತದೆ, ಚಿಕೋರಿ ನೀರು ಕುಡಿದು ಕಂದು ಗೆರೆ ಎಳೆಯುತ್ತಾ ಕೆಳಗಿಳಿಯುತ್ತದೆ. ನಮ್ಮ ಲೋಟದಲ್ಲಿ ಆ ಗೆರೆಗಳು ಮಳೆಗಾಲದ ಸೂರಿನ ನೀರಿನ ಹಾಗೆ ಒಂದರ ಪಕ್ಕ ಒಂದು ಇಳಿದವು, ಎರಡು ನಿಮಿಷದಲ್ಲಿ ನೀರೆಲ್ಲ ಕೆಂಪಾಯಿತು.

ಇದು ಪ್ರಮಾಣವನ್ನು ನಿಖರವಾಗಿ ಹೇಳುವ ಪರೀಕ್ಷೆಯಲ್ಲ ಎಂಬುದು ನನಗೆ ಗೊತ್ತು, ಆದ್ದರಿಂದ ಆ ಅಂಗಡಿಯವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ನನಗೆ ಎಂಬತ್ತು ಇಪ್ಪತ್ತು ಸಿಕ್ಕಿತೋ ಅರವತ್ತು ನಲವತ್ತು ಸಿಕ್ಕಿತೋ ಎಂದು ತಿಳಿಯುವ ದಾರಿಯೇ ನನಗಿರಲಿಲ್ಲ ಎಂಬುದಷ್ಟೇ ನನ್ನ ಅಳಲು. ಎರಡರ ನಡುವಿನ ವ್ಯತ್ಯಾಸ ಕಿಲೋಗೆ 200 ಗ್ರಾಮ್. ಅಷ್ಟು ಬೇರಿನ ಪುಡಿಗೆ ನಾವು ಕಾಫಿಯ ದುಡ್ಡು ಕೊಟ್ಟಂತಾಗುತ್ತದೆ.

ಚಿಕೋರಿಯ ಮೇಲೆ ನನಗೆ ದ್ವೇಷವಿಲ್ಲ. ಅದೂ ರೈತರು ಬೆಳೆದದ್ದೇ: ಗುಜರಾತಿನ ಜಾಮ್‌ನಗರದ ಕಡೆ, ಉತ್ತರ ಪ್ರದೇಶದ ಏಟಾ ಸುತ್ತಮುತ್ತ ಬೆಳೆಯುವ ಒಂದು ಗಿಡದ ಬೇರು, ಹುರಿದರೆ ಕಾಫಿಯ ಬಣ್ಣಕ್ಕೆ ಬರುತ್ತದೆ, ಕೆಫೀನ್ ಇರುವುದಿಲ್ಲ. ನಮ್ಮ ಮನೆಯಲ್ಲೇ ನನ್ನ ತಾಯಿ ಹಾಲಿನ ಕಾಫಿಗೆ ಸ್ವಲ್ಪ ಚಿಕೋರಿ ಬೇಕೆನ್ನುತ್ತಿದ್ದರು. ದಕ್ಷಿಣದ ಫಿಲ್ಟರ್ ಕಾಫಿಯ ರುಚಿಯಲ್ಲಿ ಅದರ ಪಾಲೂ ಇದೆ. ಆದರೆ ಅದು ಕಾಫಿಗಿಂತ ಬಹಳ ಅಗ್ಗ, ಮತ್ತು ನೀರಿನಲ್ಲಿ ಕಾಫಿಗಿಂತ ಬಹಳ ಹೆಚ್ಚು ಕರಗುತ್ತದೆ. ಹಾಗಾಗಿ ಕಡಿಮೆ ಪುಡಿಯಲ್ಲಿ ಹೆಚ್ಚು ಡಿಕಾಕ್ಷನ್ ಎತ್ತಬಹುದು, ಬಣ್ಣವೂ ಗಾಢ. ನಮ್ಮ ಜನ ಆ ಬಣ್ಣವನ್ನು ನೋಡಿಯೇ ‘ಸ್ಟ್ರಾಂಗ್’ ಎನ್ನುತ್ತಾರೆ. 2024ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ಗಳಲ್ಲಿ ಬರ ಬಿದ್ದು ದರ ಏರುತ್ತಾ ಹೋಗಿ, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಜಾತಿಯ ಕಾಫಿ ಪೌಂಡಿಗೆ 4 ಡಾಲರ್ ದಾಟಿದಾಗ, ಹುರಿಯುವವರ ಮುಂದೆ ಎರಡು ದಾರಿಗಳಿದ್ದವು: ಪುಡಿಯ ಬೆಲೆ ಏರಿಸುವುದು, ಇಲ್ಲವೇ ಚಿಕೋರಿ ಏರಿಸುವುದು. ಮೊದಲನೆಯದು ಗಿರಾಕಿಯ ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ನ್ಯಾಯವಾಗಿ ಬೆಲೆ ಏರಿಸಿದ ಅಂಗಡಿಯವನೇ ಗಿರಾಕಿ ಕಳೆದುಕೊಳ್ಳುವಂತಾದರೆ ನಷ್ಟ ಅವನೊಬ್ಬನದೇ ಅಲ್ಲ, ಅವನಿಗೆ ಬೀಜ ಒದಗಿಸುವ ನಮ್ಮದೂ ಹೌದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಗಳಂತೆ ಕಾಫಿ ಮತ್ತು ಚಿಕೋರಿಯ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಶೇ 51ಕ್ಕಿಂತ ಕಡಿಮೆ ಕಾಫಿ ಇರಕೂಡದು, ಪೊಟ್ಟಣದ ಮೇಲೆ ಎರಡರ ಶೇಕಡಾವಾರು ಪ್ರಮಾಣವನ್ನೂ ನಮೂದಿಸಬೇಕು. ದೊಡ್ಡ ಕಂಪನಿಗಳು ತಮ್ಮ ಮೊಹರು ಮಾಡಿದ ಪ್ಯಾಕೆಟ್ಟಿನ ಮೇಲೆ ಹಾಗೆ ಬರೆಯುತ್ತವೆ. ಗಿರಾಕಿ ಕೇಳಿದಾಗ ಡಬ್ಬದಿಂದ ತೆಗೆದು ತೂಗಿಕೊಡುವ ಪುಡಿಗೆ ಮತ್ತು ಹೋಟೆಲಿನಲ್ಲಿ ಲೋಟಕ್ಕೆ ಸುರಿಯುವ ಕಾಫಿಗೆ ಬಂದಾಗ ಮಾತ್ರ ಎಲ್ಲವೂ ಬಾಯಿಮಾತಿನ ಮೇಲೆ ನಡೆಯುತ್ತದೆ. ನಮ್ಮ ಊರುಗಳಲ್ಲಿ ಜನ ಕುಡಿಯುವ ಫಿಲ್ಟರ್ ಕಾಫಿಯ ದೊಡ್ಡ ಪಾಲು ಬರುವುದು ಈ ಎರಡು ಕಡೆಗಳಿಂದಲೇ.

ನಾವು ಮಾರುವಾಗ ಏನು ನಡೆಯುತ್ತದೆ ಎಂಬುದನ್ನು ತಾವು ಒಮ್ಮೆ ಬಂದು ನೋಡಬೇಕು. ಕಣದಲ್ಲಿ ಒಣಗಿಸಿದ ರೊಬಸ್ಟಾ ಚೆರಿಯನ್ನು, ಅಂದರೆ ರೊಬಸ್ಟಾ ಜಾತಿಯ ಕಾಫಿ ಹಣ್ಣನ್ನು ಸಿಪ್ಪೆ ಸಮೇತ, ಮೂಟೆ ಕಟ್ಟಿ ವ್ಯಾಪಾರಿಯ ಬಳಿಗೆ ಒಯ್ದರೆ, ಅವರು ಒಂದು ಹಿಡಿ ತೆಗೆದು ಮೀಟರಿಗೆ ಹಾಕುತ್ತಾರೆ. ತೇವಾಂಶ ಶೇ 11 ದಾಟಿದರೆ ದುಡ್ಡು ಮುರಿಯುತ್ತಾರೆ. ಆಮೇಲೆ ಸಿಪ್ಪೆ ತೆಗೆದು, 50 ಕಿಲೋ ಮೂಟೆಗೆ ಎಷ್ಟು ಕಿಲೋ ಬೀಜ ಬರುತ್ತದೆಂದು ಔಟ್‌ಟರ್ನ್ ಲೆಕ್ಕ ಹಾಕುತ್ತಾರೆ. ಅರ್ಧ ಕಿಲೋ ಕಡಿಮೆ ಬಂದರೂ ಬಿಡುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಇಷ್ಟು ಕಟ್ಟುನಿಟ್ಟಾಗಿ ಅಳೆಸಿಕೊಂಡು ಹೊರಟ ಬೀಜ ಕೊನೆಗೆ ಗಿರಾಕಿಯ ಕೈಗೆ ಅಳತೆಯೇ ಇಲ್ಲದೆ ಸೇರುತ್ತದಲ್ಲ ಎಂಬುದು ನನ್ನ ಸಂಕಟ.

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿರುವ ನಮ್ಮ ರಾಜ್ಯ. ಅದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಉಳಿದ ಸ್ವಲ್ಪವನ್ನು ಇಲ್ಲಿಯ ಜನರಿಗೆ ಕುಡಿಸಲು ಹಿಂದಿನವರು ಪಟ್ಟ ಪಾಡು ಕಡಿಮೆಯದಲ್ಲ: 1930ರ ದಶಕದಲ್ಲಿ ಕಾಫಿಯ ಮೇಲೆ ಹಾಕಿದ ಸೆಸ್ ಹಣದಿಂದಲೇ ಮುಂಬೈಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದದ್ದು. ಹಾಗೆ ಕಟ್ಟಿದ ರುಚಿ ಈಗ ಯಾರ ಗಮನಕ್ಕೂ ಬಾರದೆ ತೆಳುವಾಗುತ್ತಿದೆಯೇ ಎಂಬುದನ್ನು ನೋಡುವವರು ಇಲ್ಲ.

ತಮ್ಮ ಇಲಾಖೆ ಮನಸ್ಸು ಮಾಡಿದರೆ ಏನು ಮಾಡಬಲ್ಲದೆಂಬುದನ್ನು 2024ರ ಮಾರ್ಚಿನಲ್ಲಿ ಕಂಡಿದ್ದೇವೆ. ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಿಗೆ ಹಾಕುತ್ತಿದ್ದ ಕೃತಕ ಬಣ್ಣವನ್ನು ನಿಷೇಧಿಸಿದ ಸುದ್ದಿ ನಮ್ಮ ಸಂತೆಯ ಗಾಡಿಯವನ ತನಕ ಮುಟ್ಟಿತು. ಚಿಕೋರಿ ವಿಷವಲ್ಲ, ಆದ್ದರಿಂದ ನಿಷೇಧ ಬೇಡ. ಬಿಡಿಯಾಗಿ ಪುಡಿ ಮಾರುವವರು ಪೊಟ್ಟಣ ಮತ್ತು ಬಿಲ್ಲಿನ ಮೇಲೆ ಪ್ರಮಾಣವನ್ನು ಕೈಯಲ್ಲಾದರೂ ಬರೆದುಕೊಡುವಂತೆ ಸೂಚನೆ ಹೊರಡಿಸಿ. ಒಂದು ರಬ್ಬರ್ ಸ್ಟಾಂಪಿನ ಖರ್ಚು ಅದು. ಪ್ರತಿ ಜಿಲ್ಲೆಯಲ್ಲಿ ಆಹಾರ ಸುರಕ್ಷತೆಯ ಹೊಣೆ ಹೊತ್ತಿರುವ ಅಂಕಿತಾಧಿಕಾರಿಗಳು ಪುಡಿ ಅಂಗಡಿಗಳಿಂದ ಮತ್ತು ಹೋಟೆಲ್ ಅಡುಗೆಮನೆಗಳಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲಿ, ಫಲಿತಾಂಶ ಸಾರ್ವಜನಿಕರಿಗೆ ಸಿಗಲಿ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ತಿಂಡಿಯ ಕ್ಯಾಲೊರಿಯನ್ನು ಪಟ್ಟಿಯಲ್ಲಿ ಹಾಕಬೇಕೆಂಬ ಕೇಂದ್ರದ ನಿಯಮ ಈಗಾಗಲೇ ಇದೆ. ಅದೇ ಪಟ್ಟಿಯಲ್ಲಿ ಕಾಫಿಯ ಪಕ್ಕ ‘70:30’ ಎಂದು ಬರೆಯಿಸಲು ರಾಜ್ಯದಿಂದ ಪ್ರಾಧಿಕಾರಕ್ಕೆ ಒಂದು ಪತ್ರ ಹೋಗಲಿ.

ಗಿರಾಕಿಯೇ ಪರೀಕ್ಷೆ ಮಾಡಿಸಬಹುದಲ್ಲ ಎಂದು ಇಲಾಖೆಯವರು ಹೇಳಬಹುದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್ ಶುಲ್ಕ ಕಟ್ಟಿದ ಯಾರಿಗಾದರೂ ಆ ಅವಕಾಶ ಕೊಟ್ಟಿರುವುದು ನಿಜ. ಆದರೆ ಪದಾರ್ಥ ಕೊಳ್ಳುವ ಹೊತ್ತಿಗೇ ‘ಇದನ್ನು ಪರೀಕ್ಷೆಗೆ ಕೊಡುತ್ತೇನೆ’ ಎಂದು ಅಂಗಡಿಯವರಿಗೆ ತಿಳಿಸಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಹಾಗೆ ಹೇಳಿದವನಿಗೆ ಯಾವ ಡಬ್ಬದಿಂದ ಪುಡಿ ಬರುತ್ತದೆಂದು ತಾವೇ ಊಹಿಸಿ. ನಾನು ತಿಳಿಸದೆ ಕೊಂಡದ್ದರಿಂದ ಮಗಳ ಮನೆಯ ಡಬ್ಬದಲ್ಲಿ ಉಳಿದಿರುವ ಪುಡಿ ಯಾವ ಕೆಲಸಕ್ಕೂ ಬಾರದು.

ಕೊಯ್ಲು ಮುಗಿಸಿ ಮತ್ತೆ ಬೆಂಗಳೂರಿಗೆ ಬಂದಾಗ ಅದೇ ಅಂಗಡಿಗೆ ಹೋಗಿ, ಕಾನೂನಿನಂತೆ ಹೇಳಿಯೇ ಅರ್ಧ ಕಿಲೋ ಕೊಳ್ಳಬೇಕೆಂದಿದ್ದೇನೆ. ಅದನ್ನು ಯಾವ ಕಚೇರಿಗೆ ತರಬೇಕು, ಎಷ್ಟು ಶುಲ್ಕ ಕಟ್ಟಬೇಕು, ವರದಿ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಅಷ್ಟರೊಳಗೆ ತಮ್ಮ ಕಚೇರಿಯಿಂದ ತಿಳಿಸಿದರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಮೂಡಿಗೆರೆ ಸೀಮೆಯ ಒಬ್ಬ ಸಣ್ಣ ಬೆಳೆಗಾರ