ಕೊಳಗ ಎಲ್ಲಿ ಹೋಯಿತು?

ಪ್ರೀತಿಯ ತಮ್ಮನಿಗೆ,

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಮೇಲೆ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಗೌಡರು ಅದರಲ್ಲಿ ನಡೆದು ಬರುವುದೇ ಇಲ್ಲ, ಬರೀ ಪ್ರತ್ಯಕ್ಷವಾಗುತ್ತಾರೆ. 1952ರಲ್ಲಿ ಗೆದ್ದದ್ದು ಇದೆ, 1957ರಲ್ಲಿ ಸೋತದ್ದು ಇಲ್ಲ. ಅವತಾರ ಪುರುಷರು ಚುನಾವಣೆ ಸೋಲಬಾರದು, ಅಲ್ವಾ?

ಇನ್ನು ನಮ್ಮ ಶಿವಮೊಗ್ಗ ಜಿಲ್ಲೆಯ ಕಾಗೋಡಿನ ರೈತ ಹೋರಾಟದ ಮಾತಿಗೆ ಬಾ. ಅಷ್ಟುದ್ದ ಬರೆದವನು ಭತ್ತ ಅಳೆಯುವ ಕೊಳಗದ ಮಾತೇ ಎತ್ತಿಲ್ಲ. 1951ರ ಸತ್ಯಾಗ್ರಹದ ಹಿಂದೆ ಇದ್ದದ್ದೇ ಅದು. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ಮಾಮೂಲಿಗಿಂತ ದೊಡ್ಡದು. ದುಡಿದವನ ಪಾಲು ಕಣದಲ್ಲೇ ಕರಗುತ್ತಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ಕೇಳಿದವರು ಗೇಣಿದಾರರು. ಅವರನ್ನು ಒಟ್ಟು ಮಾಡಿದವರು ರೈತ ಮುಖಂಡ ಗಣಪತಿಯಪ್ಪನವರು. ಸಮಾಜವಾದಿಗಳು ಜೊತೆಗೆ ನಿಂತರು, ಗೌಡರು ಮುಂದಾದರು, ಸಮಾಜವಾದಿಗಳ ರಾಷ್ಟ್ರನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

‘ಗೌಡರು ಗೇಣಿದಾರರಿಗೆ ಭೂಮಿ ಕೊಡಿಸಿದರು’ ಎಂದು ಸಲೀಸಾಗಿ ಬರೆದುಬಿಟ್ಟಿದ್ದೀಯ. ಅವರು ತೀರಿಕೊಂಡದ್ದು 1972ರಲ್ಲಿ. ಗೇಣಿ ಪದ್ಧತಿ ರದ್ದಾದದ್ದು 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಆಗಲೂ ಭೂಮಿ ಸುಮ್ನೆ ಸಿಗಲಿಲ್ಲ. ಗೇಣಿದಾರ ಡಿಕ್ಲರೇಷನ್, ಅಂದರೆ ಭೂಮಿಯ ಹಕ್ಕು ಕೇಳುವ ಅರ್ಜಿ, ಹಾಕಬೇಕಿತ್ತು. ಭೂ ನ್ಯಾಯಮಂಡಳಿ ಮುಂದೆ ನಿಂತು, ಈ ಗದ್ದೆ ಉಳುತ್ತಿದ್ದವನು ನಾನೇ ಎನ್ನಬೇಕಿತ್ತು. ಅದೂ ಒಡೆಯನ ಎದುರಿಗೆ! ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಹುಡುಕು. ಗೌಡರ ನಿಜವಾದ ಪಾಲು ಅಲ್ಲಿರುತ್ತದೆ ಅಂತ ನನ್ನ ಲೆಕ್ಕ.

ನಾಯಕರನ್ನು ದೇವರು ಮಾಡಿಕೊಳ್ಳುವ ಜನರನ್ನು ನಾನು ಹಂಗಿಸುವುದಿಲ್ಲ. ಶರಾವತಿ ಅಣೆಕಟ್ಟಿನ ನೀರಿಗೆ ಊರು, ಗದ್ದೆ ಕಳೆದುಕೊಂಡ ಮುಳುಗಡೆಯವರನ್ನು ನೋಡು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಮೇಲೆ ಬಂಗಾರಪ್ಪ, ಜೆ.ಎಚ್. ಪಟೇಲ್ (ಚನ್ನಗಿರಿ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು), ಯಡಿಯೂರಪ್ಪ ಮುಖ್ಯಮಂತ್ರಿಗಳಾದರು. ಪ್ರತಿ ಸಲವೂ ‘ನಮ್ಮೋರೇ ಬಂದ್ರಲ್ಲ, ಇನ್ನು ಆಗುತ್ತೆ’ ಎನ್ನುವ ಆಸೆ. ಹಕ್ಕುಪತ್ರಕ್ಕೆ ಅಲೆಯುವುದು ಎಷ್ಟೋ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಅವರಿಗೆ ಕೊಟ್ಟ ಜಾಗ ಅರಣ್ಯದ್ದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕು. ಜೈಕಾರಕ್ಕೆ ಬಿಚ್ಚುವ ಗಂಟಲ್ಲ ಅದು. ಭಾಷಣದಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ನೀನಾದರೂ ಬರಿ.

ಲೇಖನ ವಾಪಸ್ ಕಳಿಸಿದ್ದೇನೆ. ಡಿಕ್ಲರೇಷನ್ ಹಾಕಿದ ಹಿರಿಯರು ಸಾಗರದ ಕಡೆ ಸಿಕ್ಕರೆ ಕೂತು ಮಾತಾಡು. ಮೊದಲೇ ಗೌಡರ ಬಗ್ಗೆ ಕೇಳಬೇಡ. ಭತ್ತ ಎಷ್ಟು ಆಗ್ತಿತ್ತು, ಗೇಣಿಗೆ ಎಷ್ಟು ಹೋಗ್ತಿತ್ತು ಅಂತ ಕೇಳು. ಗೌಡರ ಹೆಸರನ್ನು ಅವರೇ ಎತ್ತಬಹುದು. ಎತ್ತದಿದ್ದರೆ ಅದನ್ನೂ ಬರೆದುಕೋ.

ಇಂತಿ,
ನಿನ್ನ ಅಣ್ಣ